ನಮ್ಮ ತಾಲೂಕಿನ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆದರೆ ಊರಿನವರೇ ಓದುವಂತೆ ಮಾಡುವುದು ಹೇಗೆ?

ನಗರದಹೊಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನವಳು. ಕೆಲವು ವರ್ಷ ಬೆಂಗಳೂರಿನಲ್ಲಿದ್ದು ಈಗ ಊರಿಗೆ ವಾಪಸ್ ಬಂದಿದ್ದೇನೆ, ಕೆಲಸ ಮನೆಯಿಂದಲೇ. ತಾಲೂಕಿನ ಬಗ್ಗೆ ಕನ್ನಡದಲ್ಲಿ ಒಂದು ಬ್ಲಾಗ್ ಶುರು ಮಾಡಬೇಕು ಅಂತ ತುಂಬಾ ಆಸೆ ಇದೆ.

ಯಾರನ್ನು ಕೇಳಿದರೂ ಒಂದೇ ಸಲಹೆ ಬರುತ್ತದೆ. ಜೋಗ ಹಾಕು, ಕೊಡಚಾದ್ರಿ ಹಾಕು, ಆಗುಂಬೆ ಮಳೆಯ ಫೋಟೋ ಹಾಕು, ಜನ ಮುಗಿಬೀಳುತ್ತಾರೆ ಅಂತ. ಬೀಳಬಹುದು. ಆದರೆ ಅವರೆಲ್ಲ ಶನಿವಾರ ಬಂದು ಭಾನುವಾರ ಹೋಗುವವರು. ನನಗೆ ಬೇಕಾದ ಓದುಗರು ರಿಪ್ಪನ್‌ಪೇಟೆಯಲ್ಲಿ ಅಂಗಡಿ ಇಟ್ಟವರು, ಮಾಸ್ತಿಕಟ್ಟೆಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ಮಕ್ಕಳು, ಯಡೂರಿನ ಕಡೆ ತೋಟ ಮಾಡಿಕೊಂಡಿರುವವರು, ಮತ್ತೆ ಇಲ್ಲೇ ಹುಟ್ಟಿ ಬೇರೆ ಕಡೆ ಇರುವ ಅವರ ಮಕ್ಕಳು.

ನಮ್ಮದು ಲಿಂಗನಮಕ್ಕಿ, ವಾರಾಹಿ, ಚಕ್ರಾ, ಸಾವೇಹಕ್ಲು ಅಂತ ಒಂದಾದ ಮೇಲೆ ಒಂದು ಅಣೆಕಟ್ಟಿಗೆ ನೆಲ ಕೊಟ್ಟ ತಾಲೂಕು. ರಾಜ್ಯಕ್ಕೆ ಕರೆಂಟು ಹೋಗುವುದು ಇಲ್ಲಿಯ ನೀರಿನಿಂದ. ಆದರೂ ಹೊರಗಿನವರಿಗೆ ನಮ್ಮ ಹೆಸರು ಕೇಳಿಸುವುದು ಹುಲಿಕಲ್‌ನಲ್ಲಿ ದಾಖಲೆ ಮಳೆ ಬಂದಾಗ, ಇಲ್ಲಾ ಘಾಟಿಯಲ್ಲಿ ಗುಡ್ಡ ಕುಸಿದಾಗ. ಉಳಿದ ದಿನಗಳಲ್ಲಿ ಇಲ್ಲಿ ಏನು ನಡೆಯುತ್ತದೆ ಅಂತ ತಿಳಿಯಬೇಕಾದರೆ ಇಲ್ಲಿಯವರೇ ಫೋನ್ ಮಾಡಿ ಕೇಳಬೇಕು.

ಹಾಗಾಗಿ ಅನುಭವ ಇರುವವರು ಹೇಳಿ. ಊರಿನ ಜನ ಒಂದು ಬ್ಲಾಗನ್ನು ಮತ್ತೆ ಮತ್ತೆ ತೆರೆದು ನೋಡಬೇಕಾದರೆ ಅದರಲ್ಲಿ ಏನಿರಬೇಕು? ಎಲ್ಲರ ಕೈಯಲ್ಲೂ ವಾಟ್ಸಾಪ್ ಇರುವಾಗ ಬ್ಲಾಗ್ ಬೇಕಾ? ನಮ್ಮಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ.

ತೋಟದದಾರಿ

ತೀರ್ಥಹಳ್ಳಿ ಕಡೆಯವನು. ಅಡಿಕೆ ಬಗ್ಗೆ ಒಂದು ಬ್ಲಾಗ್ ಬರೆಯುತ್ತೇನೆ, ಬಹಳ ಕಾಲದಿಂದ. ನನ್ನ ಓದುಗರು ಹೆಚ್ಚಿನವರು ಬೆಳೆಗಾರರೇ. ಅವರನ್ನು ಕರೆತಂದ ಬರಹಗಳು ಯಾವುವು ಅಂತ ಹೇಳುತ್ತೇನೆ, ನಿಮಗೆ ದಾರಿ ಸಿಗಬಹುದು.

ಅಡಿಕೆ ಧಾರಣೆ ಎಲ್ಲರ ಮೊಬೈಲಿಗೂ ದಿನಾ ಬರುತ್ತದೆ, ಅಲ್ವಾ? ಆದರೆ ಬರುವುದು ಗರಿಷ್ಠ ಬೆಲೆ ಮಾತ್ರ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ನೋಡಿದರೆ ಪ್ರತಿ ಮಾರುಕಟ್ಟೆಗೂ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಬೆಲೆ ಇರುತ್ತವೆ. ಮಾದರಿ ಬೆಲೆ ಅಂದರೆ ಅವತ್ತು ಜಾಸ್ತಿ ಮಾಲು ಕೈಬದಲಾದ ಬೆಲೆ. ಗರಿಷ್ಠ ಬೆಲೆ ಒಂದೆರಡು ಲಾಟಿಗೆ ಮಾತ್ರ ಸಿಕ್ಕಿರಬಹುದು. ಗರಿಷ್ಠವನ್ನೇ ನಂಬಿ ಗಾಡಿ ಬಾಡಿಗೆ ಕೊಟ್ಟು ಶಿವಮೊಗ್ಗಕ್ಕೆ ಮಾಲು ಒಯ್ದವನು ಅಲ್ಲಿ ಬೆಪ್ಪಾಗಿ ನಿಲ್ಲುತ್ತಾನೆ, ವ್ಯಾಪಾರಿ ಮೋಸ ಮಾಡಿದ ಅಂದುಕೊಳ್ಳುತ್ತಾನೆ. ರಾಶಿ, ಬೆಟ್ಟೆ, ಗೊರಬಲು, ಸರಕು ಅನ್ನುವ ಅಡಿಕೆ ಬಗೆಗಳ ಮೂರೂ ಬೆಲೆಯನ್ನು ಹೇಗೆ ಓದಬೇಕು ಅಂತ ಒಂದು ಬರಹ ಹಾಕಿದೆ. ಸಾದಾ ಬರಹ, ಫೋಟೋ ಕೂಡ ಇಲ್ಲ. ಇವತ್ತಿಗೂ ನನ್ನ ಬ್ಲಾಗಿಗೆ ಬರುವವರಲ್ಲಿ ಹೆಚ್ಚಿನವರು ಆ ಬಾಗಿಲಿನಿಂದಲೇ ಒಳಗೆ ಬರುತ್ತಾರೆ.

ಇನ್ನೊಂದು, ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬರಹ. ಪ್ರತಿವರ್ಷ ಮೇ ತಿಂಗಳ ಕೊನೆಗೆ ಅದಕ್ಕೆ ಜೀವ ಬರುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು, ಇದು ಎಲ್ಲರಿಗೂ ಗೊತ್ತು. ಜನ ಹುಡುಕುವುದು ಅದನ್ನಲ್ಲ. ಯಾವುದನ್ನು ಯಾವುದಕ್ಕೆ ಹಾಕಬೇಕು, ಕಬ್ಬಿಣದ ಪಾತ್ರೆ ಯಾಕೆ ಬೇಡ, ಸರಿಯಾಗಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ, ಇವು. ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ತಿರುಗಿಸಿ ಹಾಕಬಾರದು. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಮಳೆ ಹಿಡಿಯುವ ಮೊದಲು ಒಂದು ಸಲ, ನಂತರ 40ರಿಂದ 45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಇದನ್ನು ಬರೆದ ಮೇಲೆ ಬಂದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹುಡುಕುತ್ತಾ ನನಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ವಿಷಯ ಸಿಕ್ಕಿತು. ಮಳೆ ಬಿಡದೇ ಇದ್ದರೆ ಏನು ಮಾಡಬೇಕು, ಎಲೆಚುಕ್ಕಿ ರೋಗಕ್ಕೂ ಕೊಳೆಗೂ ಒಂದೇ ಔಷಧಿ ಆಗುತ್ತದಾ, ಮರ ಹತ್ತುವವರು ಸಿಗದಿದ್ದರೆ ದೋಟಿ (ಉದ್ದ ಕೋಲು) ಎಷ್ಟು ಎತ್ತರಕ್ಕೆ ಹೋಗುತ್ತದೆ, ಹೀಗೆ.

ನಿಮ್ಮ ಊರಿನಲ್ಲಿ ಜನ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವುದು ಏನನ್ನು ಅಂತ ಸ್ವಲ್ಪ ದಿನ ಕಿವಿಗೊಟ್ಟು ಕೇಳಿ. ಅದನ್ನು ಬರೆಯಿರಿ. ಪ್ರವಾಸಿಗಳಿಗೆ ಬರೆಯುವುದು ಬೇಡ ಅಂತಲ್ಲ. ಆದರೆ ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಹೊಸನಗರದ ಬಗ್ಗೆ ಹೊಸನಗರದವರಿಗೆ ಬರೆಯುವವರು ಬಹಳ ಕಡಿಮೆ.

ಸಾಗರಪೇಟೆ

ಬೇಜಾರು ಮಾಡಿಕೊಳ್ಳಬೇಡಿ, ನಾನು ಇದಕ್ಕೆ ಒಪ್ಪುವುದಿಲ್ಲ. ನಮ್ಮ ವಾರ್ಡಿನಲ್ಲಿ ಒಂದು ವಾಟ್ಸಾಪ್ ಗುಂಪು ಇದೆ. ನೀರು ಬರುವುದಿಲ್ಲ ಅಂದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಯಾರಿಗಾದರೂ ರಕ್ತ ಬೇಕು ಅಂದರೆ ಅರ್ಧ ಗಂಟೆಯಲ್ಲಿ ಜನ ಸಿಗುತ್ತಾರೆ. ಕಾಣೆಯಾದ ಎಮ್ಮೆ ಕೂಡ ಸಿಕ್ಕಿದೆ. ಬ್ಲಾಗ್ ಅಂತ ಒಂದು ಲಿಂಕ್ ಕಳಿಸಿದರೆ ಯಾರು ತೆರೆಯುತ್ತಾರೆ? ಲಿಂಕ್ ಒತ್ತಬೇಡಿ, ದುಡ್ಡು ಹೋಗುತ್ತದೆ ಅಂತ ಬ್ಯಾಂಕಿನವರೇ ಹೇಳುತ್ತಿದ್ದಾರೆ. ಹಿರಿಯರಂತೂ ಮುಟ್ಟುವುದಿಲ್ಲ. ಹೇಳಬೇಕಾದ್ದನ್ನು ಗುಂಪಿನಲ್ಲೇ ನೇರವಾಗಿ ಹೇಳಿದರೆ ಆಯಿತು. ಇಲ್ಲಾ ಒಂದು ಧ್ವನಿ ಸಂದೇಶ. ಓದು ಬರದವರಿಗೂ ಮುಟ್ಟುತ್ತದೆ.

ಸೊರಬದವನು

ಸಾಗರಪೇಟೆ ಅವರೇ, ರಕ್ತ ಮತ್ತು ನೀರಿನ ವಿಷಯಕ್ಕೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಈಗಲೇ ಬೇಕು, ನಾಳೆ ಬೇಡ ಅನ್ನುವ ಸುದ್ದಿಗೆ ವಾಟ್ಸಾಪೇ ಆಗಬೇಕು. ಆದರೆ ಹೋದ ಜುಲೈನಲ್ಲಿ ಅದೇ ಗುಂಪಿನಲ್ಲಿ ಬಂದ ಒಂದು ಒಳ್ಳೆಯ ಮಾಹಿತಿಯನ್ನು ಇವತ್ತು ಹುಡುಕಿ ನೋಡಿ. ಸಿಗುವುದಿಲ್ಲ. ಗುಂಪಿಗೆ ನಿನ್ನೆ ಸೇರಿದವನಿಗಂತೂ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಗುಂಪಿನ ಹೊರಗೆ ಇರುವವನಿಗೆ ಗೂಗಲ್‌ನಲ್ಲೂ ಸಿಗುವುದಿಲ್ಲ.

ಎರಡನೆಯ ತೊಂದರೆ ದೊಡ್ಡದು. ಫಾರ್ವರ್ಡ್ ಆದ ಸಂದೇಶಕ್ಕೆ ತಾರೀಕೂ ಇಲ್ಲ, ಬರೆದವನೂ ಇಲ್ಲ. ಮಲೆನಾಡಿನಲ್ಲಿ ಮಳೆಗಾಲ ಬಂತು ಅಂದರೆ ಶಾಲೆಗೆ ರಜೆ ಅನ್ನುವ ಸಂದೇಶ ಹಾರಾಡುತ್ತದೆ. ಎಷ್ಟೋ ಸಲ ಅದು ಹಿಂದಿನ ವರ್ಷದ ಆದೇಶದ ಫೋಟೋ, ಇಲ್ಲಾ ಬೇರೆ ಜಿಲ್ಲೆಯದು. ಘಾಟಿ ಬಂದ್ ಅನ್ನುವುದೂ ಹೀಗೆಯೇ. ವಾಟ್ಸಾಪ್ ಕಂಪನಿಯೇ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು, 2020ರಲ್ಲಿ ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಅಂತ ಮಾಡಿತು. ಸುಮ್ನೆ ಮಾಡಲಿಲ್ಲ ಅದನ್ನು.

ಹಾಗಾಗಿ ಬ್ಲಾಗ್ ಮತ್ತು ವಾಟ್ಸಾಪ್ ಎರಡೂ ಬೇಕು. ಬ್ಲಾಗಿನಲ್ಲಿ ವಿಷಯ ಉಳಿಯಲಿ, ವಾಟ್ಸಾಪ್ ಅದನ್ನು ಮನೆ ಮನೆಗೆ ಒಯ್ಯಲಿ. ಸುದ್ದಿಯ ತಿರುಳನ್ನು ಸಂದೇಶದಲ್ಲೇ ಪೂರ್ತಿ ಬರೆಯಿರಿ. ಯಾವ ರಸ್ತೆ, ಯಾವಾಗಿಂದ ಯಾವಾಗಿನವರೆಗೆ, ಯಾರ ಆದೇಶ, ಬದಲಿ ದಾರಿ ಯಾವುದು. ಕೆಳಗೆ ಬ್ಲಾಗಿನ ಲಿಂಕ್. ಲಿಂಕ್ ಒತ್ತದವರಿಗೂ ಕೆಲಸ ಆಗುತ್ತದೆ, ಅನುಮಾನ ಬಂದವರು ಒತ್ತಿ ನೋಡುತ್ತಾರೆ. 'ಏನಾಯಿತು ಗೊತ್ತಾ, ಪೂರ್ತಿ ತಿಳಿಯಲು ಇಲ್ಲಿ ಒತ್ತಿ' ಅಂತ ಎಳೆದಾಡುವ ತಲೆಬರಹ ಮಾತ್ರ ಬೇಡವೇ ಬೇಡ. ಒಂದು ವಾರ ಜನ ಬರುತ್ತಾರೆ, ಆಮೇಲೆ ನಿಮ್ಮ ಹೆಸರು ಕಂಡರೆ ಮುಂದಕ್ಕೆ ತಳ್ಳುತ್ತಾರೆ.

ಹುಡುಕುವವರಿಗೆ ಸಿಗುವುದು ಹೇಗೆ ಅನ್ನುವುದಕ್ಕೆ ನನ್ನ ಕೆಲಸದ ಅನುಭವದಿಂದ ಕೆಲವು ಮಾತು. ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಕಚೇರಿಗಳಿಂದ, ಪ್ರಿಂಟಿಂಗ್ ಪ್ರೆಸ್‌ಗಳಿಂದ ಬರುವ ಪಠ್ಯ ಹಳೆಯ ನುಡಿ ಫಾಂಟಿನಲ್ಲಿ ಇರುತ್ತದೆ, ಹಾಗೇ ಅಂಟಿಸಿದರೆ ಗೂಗಲ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಪರಿವರ್ತಿಸುವ ಉಪಕರಣಗಳು ಪುಕ್ಕಟೆಯಾಗಿ ಸಿಗುತ್ತವೆ. ನೋಟಿಸಿನ ಫೋಟೋ ಮಾತ್ರ ಹಾಕಿ ಬಿಡಬೇಡಿ, ಅದರಲ್ಲಿ ಇರುವುದನ್ನು ಕೆಳಗೆ ಟೈಪ್ ಮಾಡಿ. ಕಣ್ಣು ಕಾಣದವರ ಮೊಬೈಲ್ ಅದನ್ನು ಓದಿ ಹೇಳುತ್ತದೆ, ಅದೂ ಮುಖ್ಯ. ತಲೆಬರಹದಲ್ಲಿ ಊರಿನ ಹೆಸರು ಇರಲಿ. 'ಮಳೆಯ ಆರ್ಭಟ' ಅಂತ ಬರೆದರೆ ಅದು ಎಲ್ಲಿಯ ಮಳೆ? 'ನಗರ, ಮಾಸ್ತಿಕಟ್ಟೆ, ಹುಲಿಕಲ್ ಮಳೆ ವಿವರ' ಅಂತ ಬರೆದರೆ ಹುಡುಕಿದವನಿಗೆ ಸಿಗುತ್ತದೆ. ನಮ್ಮ ಜನ ಎಷ್ಟೋ ಸಲ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಹುಡುಕುತ್ತಾರೆ. ಅದಕ್ಕೆ ಪುಟದ ವಿಳಾಸದಲ್ಲಿ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಗೂಗಲ್‌ನ ಸರ್ಚ್ ಕನ್ಸೋಲ್ ಪುಕ್ಕಟೆ ಸಿಗುತ್ತದೆ, ಯಾವ ಪದ ಹುಡುಕಿ ಜನ ಬಂದರು ಅಂತ ಅದು ತೋರಿಸುತ್ತದೆ. ವಿಷಯ ಸಿಗದೆ ಕೂತಿದ್ದಾಗ ಅದನ್ನು ತೆರೆದು ನೋಡಿ.

ಗುಡ್ಡ ಹತ್ತುವ ಮಾತು ಹೇಳಿದಿರಿ. ಹಾಗಿದ್ದರೆ ಪುಟ ಹಗುರ ಇರಲಿ. ದೊಡ್ಡ ಫೋಟೋ, ತಾನಾಗಿ ಓಡುವ ವಿಡಿಯೋ, ನಾಲ್ಕು ಬಗೆಯ ಫಾಂಟ್ ಎಲ್ಲ ಬಿಟ್ಟುಬಿಡಿ. ಒಂದು ಕಡ್ಡಿ ಸಿಗ್ನಲ್ ಇರುವ ಜಾಗದಲ್ಲಿ ನಿಂತು ನಿಮ್ಮ ಪುಟವನ್ನು ನೀವೇ ತೆರೆದು ನೋಡಿ.

ಗುಡ್ಡದಸಿಸ್ಟರ್

ನಾನು ಆರೋಗ್ಯ ಇಲಾಖೆಯ ಕೆಲಸದವಳು, ಸಾಗರ ತಾಲೂಕಿನ ಒಳಭಾಗದಲ್ಲಿ. ಮಂಗನ ಕಾಯಿಲೆ ಬಗ್ಗೆ ನಿಮ್ಮ ಬ್ಲಾಗಿನಲ್ಲಿ ದಯವಿಟ್ಟು ಜಾಗ ಇಡಿ. ಇದು ನಮ್ಮ ಮಣ್ಣಿನ ಕಾಯಿಲೆ, ಕಾಡಿನ ಉಣುಗು ಕಚ್ಚಿ ಬರುವುದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ಕಾಡಿನ ಹೆಸರಿನಿಂದಲೇ ಇದೆ. 2018ರ ಕೊನೆ ಮತ್ತು 2019ರಲ್ಲಿ ಅರಳಗೋಡು ಕಡೆ ಎಷ್ಟು ಕಷ್ಟ ಆಯಿತು ಅಂತ ಇಲ್ಲಿ ಇರುವವರಿಗೆ ಗೊತ್ತು.

ಆಗ ನಾನು ಗಮನಿಸಿದ್ದು ಹೇಳುತ್ತೇನೆ. ಸುದ್ದಿ ಬಹಳ ಬಂತು, ಆದರೆ ಹೆಚ್ಚಿನದು ಸಾವು ಎಷ್ಟು, ಯಾವ ಮಂತ್ರಿ ಬಂದರು ಅಂತ. ಮನೆಯ ಹೆಂಗಸರಿಗೆ ಬೇಕಾಗಿದ್ದದ್ದು ಬೇರೆ. ದರಗು (ಒಣ ಎಲೆ) ತರಲು ಕಾಡಿಗೆ ಹೋಗಬಹುದಾ? ಕೊಟ್ಟಿಗೆಗೆ ಹಾಸಲು ಏನು ಮಾಡಬೇಕು? ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯನ್ನು ಯಾವಾಗ ಹಚ್ಚಬೇಕು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿದರೆ ಸಾಕಾ, ಬಟ್ಟೆ ಏನು ಮಾಡಬೇಕು? ದನಕ್ಕೆ ಹತ್ತಿದ ಉಣುಗು ಮನೆಗೆ ಬರುತ್ತದಾ? ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕು? ಸತ್ತ ಮಂಗನ ಮೈಯಿಂದ ಉಣುಗು ಸುತ್ತಲೂ ಉದುರುತ್ತದೆ, ಆ ಜಾಗಕ್ಕೆ ಹೋಗಬಾರದು ಅನ್ನುವುದು ಎಲ್ಲರಿಗೂ ತಿಳಿದಿರಲಿಲ್ಲ. ಇವಕ್ಕೆ ಉತ್ತರ ಒಂದೇ ಕಡೆ, ಸರಳ ಕನ್ನಡದಲ್ಲಿ ಇದ್ದರೆ ನಮ್ಮಂಥವರ ಕೆಲಸ ಎಷ್ಟೋ ಹಗುರ ಆಗುತ್ತದೆ. ಆಶಾ ಕಾರ್ಯಕರ್ತೆಯರು ಅದನ್ನೇ ತೋರಿಸಿ ಮಾತಾಡಬಹುದು.

ಕಾಯಿಲೆ ಕಾಣಿಸುವುದು ಡಿಸೆಂಬರಿನಿಂದ ಮೇ ತನಕ ಜಾಸ್ತಿ. ನೀವು ಬರೆಯಬೇಕಾದದ್ದು ನವೆಂಬರಿನಲ್ಲಿ. ಜನವರಿಯಲ್ಲಿ ಬರೆದರೆ ಓದುವವರು ಜಾಸ್ತಿ ಸಿಗುತ್ತಾರೆ, ನಿಜ. ಆದರೆ ಆ ಹೊತ್ತಿಗೆ ಕಾಡಿಗೆ ಹೋಗಿ ಬಂದಾಗಿರುತ್ತದೆ. ಔಷಧಿ, ಲಸಿಕೆ ವಿಷಯದಲ್ಲಿ ನಿಮ್ಮದೇ ಮಾತು ಸೇರಿಸಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿಯೇ ಹಾಕಿ. ಹಳೆಯ ಲಸಿಕೆ ಈಗ ಕೊಡುತ್ತಿಲ್ಲ, ಆದರೂ ಲಸಿಕೆ ಹಾಕಿಸಿಕೊಳ್ಳಿ ಅನ್ನುವ ಹಳೆಯ ಬರಹಗಳು ಇನ್ನೂ ಓಡಾಡುತ್ತಿವೆ.

ಇನ್ನೊಂದು ವಿಷಯ ಕೈಮುಗಿದು ಕೇಳುತ್ತೇನೆ. ರೋಗಿಯ ಹೆಸರು, ಮನೆ, ಫೋಟೋ ಹಾಕಬೇಡಿ. ದೊಡ್ಡ ಊರಿನಲ್ಲಿ ಹೆಸರು ಬರೆಯದಿದ್ದರೆ ಸಾಕು. ನಮ್ಮಲ್ಲಿ 'ಇಂಥ ಮಜಿರೆಯ 40 ವರ್ಷದ ಮಹಿಳೆ' ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಒಂದು ಮನೆಗೆ ಕಾಯಿಲೆ ಬಂತು ಅಂತ ಹೆಸರು ಹೊರಬಿದ್ದ ಮೇಲೆ ಅವರ ಮನೆಯ ಹಾಲನ್ನು ಬೇರೆಯವರು ಕೊಳ್ಳುವುದು ನಿಲ್ಲಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮಕ್ಕಳ ಮೇಲಿನ ದೌರ್ಜನ್ಯದ ವಿಷಯದಲ್ಲಿ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಗುರುತು ಬಿಟ್ಟುಕೊಡುವುದನ್ನೇ ಅಪರಾಧ ಅನ್ನುತ್ತದೆ. ಹೆಸರು ಬರೆಯದೆ ಊರು, ಶಾಲೆ, ಮನೆಯವರ ವಿವರ ಬರೆದರೂ ಅದು ಗುರುತು ಬಿಟ್ಟುಕೊಟ್ಟಂತೆಯೇ.

ಹೆಗ್ಗೋಡುಹಾದಿ

ಓದುಗರು ತಾವಾಗಿ ಬರಲಿ ಅಂತ ಕೂತರೆ ಬರುವುದಿಲ್ಲ, ನಾವೇ ಅವರ ಹತ್ತಿರ ಹೋಗಬೇಕು. ಇದಕ್ಕೆ ನಮ್ಮ ಹೆಗ್ಗೋಡಿಗಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ. 1949ರಲ್ಲಿ ಒಂದು ಹಳ್ಳಿಯಲ್ಲಿ ಶುರುವಾದದ್ದು ನೀನಾಸಂ ನಾಟಕ ಸಂಸ್ಥೆ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ಎಲ್ಲರಿಗೂ ಗೊತ್ತು. ಆದರೆ ನನಗೆ ದೊಡ್ಡದಾಗಿ ಕಾಣುವುದು 1985ರಲ್ಲಿ ಶುರುವಾದ ತಿರುಗಾಟ. ಒಳ್ಳೆಯ ನಾಟಕ ನೋಡಬೇಕಾದರೆ ಪಟ್ಟಣಕ್ಕೆ ಬನ್ನಿ ಅನ್ನಲಿಲ್ಲ. ನಾಟಕವನ್ನೇ ಕಟ್ಟಿಕೊಂಡು ರಾಜ್ಯದ ಊರೂರಿಗೆ ಹೋದರು. ಅಲ್ಲಿ ನೋಡಿದವರೇ ಆಮೇಲೆ ಹೆಗ್ಗೋಡಿನ ದಾರಿ ಕೇಳಿಕೊಂಡು ಬಂದರು.

ಬ್ಲಾಗಿಗೂ ಅದನ್ನು ಮಾಡಬಹುದು. ವಾರದ ಮುಖ್ಯ ವಿಷಯವನ್ನು ಒಂದು ಹಾಳೆಗೆ ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಹಾಲಿನ ಡೈರಿಯಲ್ಲಿ, ಸೊಸೈಟಿಯ ಗೋಡೆಯಲ್ಲಿ ಕೇಳಿ ಅಂಟಿಸಿ. ಬೆಳಿಗ್ಗೆ ಹಾಲು ಹಾಕಲು ಬರುವವರು ಸಾಲಿನಲ್ಲಿ ನಿಂತಾಗ ಓದುತ್ತಾರೆ. ಸಾಗರಪೇಟೆ ಅವರು ಹೇಳಿದ ಹಿರಿಯರಿಗೂ ಮುಟ್ಟುತ್ತದೆ, ಲಿಂಕಿನ ಹೆದರಿಕೆಯೂ ಇಲ್ಲ.

ಮತ್ತೆ, ಬರೆಯುವವರು ನೀವೊಬ್ಬರೇ ಆದರೆ ಓದುವವರು ನಿಮ್ಮ ನೆಂಟರಷ್ಟೇ ಆಗುತ್ತಾರೆ. ಎಲ್ಲರೂ ಟೈಪ್ ಮಾಡಬೇಕಾಗಿಲ್ಲ. ನಿವೃತ್ತ ಮೇಷ್ಟ್ರು ಒಬ್ಬರನ್ನು ಹಿಡಿದು ಮಾತಾಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಮುಳುಗಡೆಯಲ್ಲಿ ಮನೆ ಬಿಟ್ಟು ಬಂದವರು ಇನ್ನೂ ಇದ್ದಾರೆ. ಲಿಂಗನಮಕ್ಕಿ ಕೆಲಸ ಮುಗಿದದ್ದು 1964ರಲ್ಲಿ, ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಯಾವ ಊರು ನೀರಿನ ಕೆಳಗೆ ಹೋಯಿತು, ಯಾವ ದೇವರನ್ನು ಎಲ್ಲಿಗೆ ತಂದರು, ಯಾರಿಗೆ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ, ಇದನ್ನು ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲ ಬಹಳ ಕಡಿಮೆ. ಅಂಥ ಒಂದು ಬರಹ ಬಂದರೆ ಆ ಮನೆತನದವರೆಲ್ಲ ಓದುತ್ತಾರೆ, ಶಿವಮೊಗ್ಗದಲ್ಲಿ ಇರುವವರು, ದುಬೈನಲ್ಲಿ ಇರುವವರು ಎಲ್ಲ. ಕೆಳಗೆ ಪ್ರತಿಕ್ರಿಯೆಯಲ್ಲಿ 'ನಮ್ಮ ಅಜ್ಜನ ಮನೆಯೂ ಅಲ್ಲೇ ಇತ್ತು' ಅಂತ ಇನ್ನೊಬ್ಬರು ಬರೆಯುತ್ತಾರೆ. ಅದರಿಂದ ಮುಂದಿನ ಬರಹ.

ಹಳೆಬ್ಲಾಗಿಗ

ಭದ್ರಾವತಿಯಿಂದ. 2007, 2008ರ ಹೊತ್ತಿನಲ್ಲಿ ಕನ್ನಡ ಬ್ಲಾಗ್ ಅಂದರೆ ಹಬ್ಬ. ಒಬ್ಬರು ಬರೆದರೆ ಇನ್ನೊಬ್ಬರು ಅದಕ್ಕೆ ಉತ್ತರವಾಗಿ ತಮ್ಮ ಬ್ಲಾಗಿನಲ್ಲಿ ಬರೆಯುತ್ತಿದ್ದರು, ಬಲಬದಿಯಲ್ಲಿ ಗೆಳೆಯರ ಬ್ಲಾಗುಗಳ ಪಟ್ಟಿ ಇರುತ್ತಿತ್ತು, ಅದನ್ನು ಹಿಡಿದು ಒಂದರಿಂದ ಒಂದಕ್ಕೆ ಹೋಗುತ್ತಿದ್ದೆವು. ಆಮೇಲೆ ಫೇಸ್‌ಬುಕ್ ಬಂತು, ಬ್ಲಾಗುಗಳನ್ನೆಲ್ಲ ಒಂದೇ ಕಡೆ ಓದಲು ಇದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಿತು, ಎಲ್ಲ ಚದುರಿದರು. ಆ ಪಟ್ಟಿಯ ಪದ್ಧತಿಯನ್ನು ವಾಪಸ್ ತನ್ನಿ ಅಂತ ನನ್ನ ಆಸೆ. ತೋಟದದಾರಿ ಅವರ ಬ್ಲಾಗಿನಲ್ಲಿ ನಿಮ್ಮದರ ಹೆಸರು, ನಿಮ್ಮದರಲ್ಲಿ ಅವರದು. ಅಡಿಕೆ ಓದಲು ಬಂದವರು ಘಾಟಿ ಸುದ್ದಿಗೆ ಬರುತ್ತಾರೆ.

ಹಳೆಯ ಬರಹವನ್ನು ಹಾಗೇ ಬಿಡಬೇಡಿ ಅನ್ನುವುದು ನನ್ನ ಇನ್ನೊಂದು ಮಾತು. ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಶುರುವಾಯಿತು. ಅದಕ್ಕಿಂತ ಮೊದಲು ಅಂಬಾರಗೋಡ್ಲಿನಿಂದ ಲಾಂಚ್ ಎಷ್ಟು ಹೊತ್ತಿಗೆ ಅಂತ ಬರೆದ ಪುಟಕ್ಕೆ ಇವತ್ತೂ ಯಾರಾದರೂ ಬಂದು ತಲುಪಬಹುದು. ಅದನ್ನು ಅಳಿಸಬೇಡಿ, ಅದು ತುಮರಿ ಭಾಗದ ಜನ ಅಷ್ಟು ವರ್ಷ ಹೇಗೆ ಬದುಕಿದರು ಅನ್ನುವುದಕ್ಕೆ ಸಾಕ್ಷಿ. ಆದರೆ ಮೇಲುಗಡೆ ಎರಡು ಸಾಲು ಹಾಕಿ: ಈಗ ಸೇತುವೆ ಇದೆ, ಈ ಮಾಹಿತಿ ಇಂಥ ದಿನದ್ದು. ಪ್ರತಿ ಪುಟದಲ್ಲೂ ಬರೆದ ತಾರೀಕು, ತಿದ್ದಿದ ತಾರೀಕು ಎರಡೂ ಎದ್ದು ಕಾಣಬೇಕು.

ದುಡ್ಡಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಒಂದು ಮಾತು. ಜಾಹೀರಾತು ಕೊಡುವ ಅಂಗಡಿಯವರು ಬಂದರೆ ತೆಗೆದುಕೊಳ್ಳಿ, ಅದರ ಮೇಲೆ ಜಾಹೀರಾತು ಅಂತ ಬರೆಯಿರಿ. ಚುನಾವಣೆ ಹೊತ್ತಿಗೆ ಕಾಸು ಕೊಟ್ಟು ಬರಹ ಹಾಕಿಸುವವರು ಬರುತ್ತಾರೆ. ಅವರನ್ನು ಮೊದಲ ದಿನವೇ ಬೇಡ ಅನ್ನಿ.

ನಗರದಹೊಳೆ

ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ತುಂಬಾ ಖುಷಿಯಾಯಿತು.

ತೋಟದದಾರಿ ಅವರು ಹೇಳಿದಂತೆ ಜನ ಫೋನ್ ಮಾಡಿ ಕೇಳುವುದು ಏನು ಅಂತ ಯೋಚಿಸಿದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಕೇಳುವುದು ಒಂದೇ: ಬಾಳೆಬರೆ ಘಾಟಿ ತೆರೆದಿದೆಯಾ? ನಮಗೆ ಅದು ಬರೀ ರಸ್ತೆ ಅಲ್ಲ. ಜೋರು ಕಾಯಿಲೆಯಾದರೆ ಕುಂದಾಪುರ, ಮಣಿಪಾಲಕ್ಕೆ ಹೋಗುವುದು ಅದರಲ್ಲೇ. ಆಂಬುಲೆನ್ಸ್ ಅರ್ಧ ದಾರಿ ಹೋದ ಮೇಲೆ ಮರ ಬಿದ್ದಿದೆ ಅಂತ ಗೊತ್ತಾದರೆ ಏನು ಗತಿ? ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಲ್ಲಿಸಿದಾಗ ನಮ್ಮ ಕಡೆಗೂ ಲಾರಿಗಳು ಜಾಸ್ತಿ ಬರುತ್ತವೆ. ಆ ಆದೇಶ ಯಾವಾಗ ಆಯಿತು, ಯಾವ ಗಾಡಿಗೆ, ಎಲ್ಲಿಯ ತನಕ ಅನ್ನುವುದು ಸರಿಯಾಗಿ ತಿಳಿಯುವುದಿಲ್ಲ. ನಾನು ಘಾಟಿಯಿಂದ ಶುರು ಮಾಡುತ್ತೇನೆ.

ಇನ್ನು ಮಳೆ. ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ಮಾಣಿ ಇವುಗಳ ಮಳೆ ಲೆಕ್ಕ, ವಾರಾಹಿಯ ಮಾಣಿ ಅಣೆಕಟ್ಟಿನ ಮಟ್ಟ ಎಲ್ಲ ಸಿಗುತ್ತವೆ. ಬರೀ ಅಂಕಿ ಕೊಟ್ಟರೆ ಸಾಕಾ? ಮತ್ತೆ ಘಾಟಿ ಸುದ್ದಿಯನ್ನು ಖಚಿತ ಮಾಡಿಕೊಳ್ಳುವುದು ಹೇಗೆ?

ಸೊರಬದವನು

ಬರೀ ಅಂಕಿ ಸಾಲದು. ಲಿಂಗನಮಕ್ಕಿ ಇವತ್ತು ಇಷ್ಟು ಅಡಿ ಅಂತ ಹಾಕಿದರೆ ಹೊಸಬರಿಗೆ ಏನೂ ಗೊತ್ತಾಗುವುದಿಲ್ಲ. ಪೂರ್ಣ ಮಟ್ಟ 1819 ಅಡಿ, ಹೋದ ವರ್ಷ ಇದೇ ದಿನ ಎಷ್ಟಿತ್ತು, ಒಂದು ದಿನದಲ್ಲಿ ಎಷ್ಟು ಏರಿತು, ಈ ಮೂರು ಜೊತೆಗೆ ಇದ್ದರೆ ಮಾತ್ರ ಅದು ಸುದ್ದಿ. ಲಿಂಗನಮಕ್ಕಿಯನ್ನು ಸಮುದ್ರಮಟ್ಟದಿಂದ ಅಳೆಯುತ್ತಾರೆ, ಭದ್ರಾದ 186 ಅಡಿ ಅನ್ನುವುದು ಅಣೆಕಟ್ಟಿನೊಳಗಿನ ನೀರಿನ ಅಳತೆ. ಎರಡನ್ನೂ ಪಕ್ಕ ಪಕ್ಕ ಹಾಕಿ ಹೋಲಿಸುವವರನ್ನು ನೋಡಿದ್ದೇನೆ. ಇದನ್ನು ಒಂದು ಸಲ ವಿವರಿಸಿ ಬರೆದು, ದಿನದ ಲೆಕ್ಕದ ಕೆಳಗೆ ಅದರ ಲಿಂಕ್ ಕೊಡಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ತಾಲೂಕಿನ ಸರಾಸರಿ ಬೇಡ, ಪಂಚಾಯಿತಿ ಲೆಕ್ಕ ಕೊಡಿ. ಹುಲಿಕಲ್ ಮಳೆಗೂ ರಿಪ್ಪನ್‌ಪೇಟೆ ಮಳೆಗೂ ಅಜಗಜಾಂತರ.

ಘಾಟಿ ವಿಷಯದಲ್ಲಿ ಆದೇಶ ಬೇರೆ, ನೋಡಿದವರ ಮಾತು ಬೇರೆ ಅಂತ ಸ್ಪಷ್ಟವಾಗಿ ಬರೆಯಿರಿ. 'ಜಿಲ್ಲಾಧಿಕಾರಿ ಆದೇಶ, ಇಂಥ ತಾರೀಕು' ಅಂತ ಒಂದು. 'ಬೆಳಿಗ್ಗೆ 7ಕ್ಕೆ ಹೊಸಂಗಡಿಯಿಂದ ಹತ್ತಿ ಬಂದ ಬಸ್ಸಿನ ಚಾಲಕರು ಹೇಳಿದ್ದು' ಅಂತ ಇನ್ನೊಂದು. ಹೊತ್ತು ಹಾಕದೆ ಯಾವುದನ್ನೂ ಹಾಕಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ, ಜನ ಅದಕ್ಕೆ ಬೈಯುವುದಿಲ್ಲ.

ಸಾಗರಪೇಟೆ

ಆಂಬುಲೆನ್ಸ್ ಮಾತು ಓದಿದ ಮೇಲೆ ಹೇಳುತ್ತೇನೆ. ಇಂಥದ್ದಕ್ಕೆ ಒಂದು ಪುಟ ಇರಲೇಬೇಕು, ನಾನೂ ನಮ್ಮ ಗುಂಪಿನಲ್ಲಿ ಮೇಲುಗಡೆ ಪಿನ್ ಮಾಡಿಸುತ್ತೇನೆ. ಒಂದೇ ವಿಳಾಸ ಇರಲಿ, ದಿನಾ ಹೊಸ ಲಿಂಕ್ ಬೇಡ. ಅದೇ ಪುಟವನ್ನು ತಿದ್ದುತ್ತಾ ಹೋಗಿ.

ನಗರದಹೊಳೆ

ಒಂದೇ ವಿಳಾಸ, ಒಪ್ಪಿದೆ. ಪುಟದಲ್ಲಿ ಘಾಟಿಯ ಸ್ಥಿತಿ, ಬಸ್ಸಿನ ಸಮಯ, ಬದಲಿ ದಾರಿ ಇಷ್ಟೇ ಇರುತ್ತದೆ. ಮಂಗನ ಕಾಯಿಲೆ ಬರಹಕ್ಕೆ ಗುಡ್ಡದಸಿಸ್ಟರ್ ಅವರು ಕೇಳಿದ ಪ್ರಶ್ನೆಗಳನ್ನೇ ಇಟ್ಟುಕೊಂಡು ನಮ್ಮ ಆರೋಗ್ಯ ಕೇಂದ್ರದ ವೈದ್ಯರ ಹತ್ತಿರ ಹೋಗುತ್ತೇನೆ, ನವೆಂಬರಿಗೆ ಮೊದಲು ಸಿದ್ಧ ಇರುತ್ತದೆ. ನಮ್ಮ ತಾಲೂಕಿನ ನಗರ ಅನ್ನುವ ಊರಿನಿಂದ ಕೆಳಗೆ ಸಿದ್ದಾಪುರ, ಕುಂದಾಪುರಕ್ಕೆ ಹೋಗುವ ಬಸ್ಸುಗಳ ಈಗಿನ ಸಮಯ ಯಾರ ಹತ್ತಿರ ಆದರೂ ಇದೆಯಾ? ನಿಲ್ದಾಣದ ಬೋರ್ಡಿನಲ್ಲಿ ಇರುವುದು ಹಳೆಯದು.

ಮಾಸ್ತಿಕಟ್ಟೆ_ಬಸ್‌ಸ್ಟ್ಯಾಂಡ್

ನನ್ನ ಅಂಗಡಿ ಸ್ಟ್ಯಾಂಡಿನ ಎದುರಿಗೇ ಇದೆ, ಬರುವ ಹೋಗುವ ಬಸ್ ಎಲ್ಲ ಕಾಣುತ್ತದೆ. ಈ ವಾರ ಗುರುತು ಹಾಕಿಕೊಂಡು ಕಳಿಸುತ್ತೇನೆ. ಮಳೆ ಜೋರಾದರೆ ಕೆಲವು ಟ್ರಿಪ್ ಬಿಡುತ್ತಾರೆ, ಭಾನುವಾರವೂ ಕೆಲವು ಇರುವುದಿಲ್ಲ. ಅವುಗಳಿಗೆ ಬೇರೆ ಬಣ್ಣ ಹಾಕಿ.